ಕವಾಯಿಯಲ್ಲಿ ಖಾಸಗಿ ಹೆಲಿಕಾಪ್ಟರ್ ಸುತ್ತಾಟ: ದುಡ್ಡು ಕಟ್ಟುವ ಮೊದಲು ವಿಚಾರಿಸಬೇಕಾದದ್ದು

ಹವಾಯಿಯ ಕವಾಯಿ ದ್ವೀಪದ ವಿಸ್ತೀರ್ಣ ಸುಮಾರು 1,430 ಚದರ ಕಿಲೋಮೀಟರ್ ಅಷ್ಟೇ. ಆದರೂ ಕಾರಿನಲ್ಲಿ ಅದನ್ನು ಪೂರ್ತಿ ಒಂದು ಸುತ್ತು ಹಾಕಲು ಆಗುವುದಿಲ್ಲ. ಉತ್ತರದ ರಸ್ತೆ ಕೇಎ ಕಡಲತೀರದ ಹತ್ತಿರ ಮುಗಿದುಹೋಗುತ್ತದೆ, ಪಶ್ಚಿಮದ ರಸ್ತೆ ಪೊಲಿಹಾಲೆಯ ಕಡೆ ನಿಂತುಬಿಡುತ್ತದೆ. ಇವೆರಡರ ನಡುವೆ ಕಡಲಿನಿಂದ ನೇರ ಎದ್ದು ನಿಂತ ನಾ ಪಾಲಿಯ ಬಂಡೆಗೋಡೆಗಳಿವೆ, ಕೆಲವು ಕಡೆ 1,200 ಮೀಟರ್‌ವರೆಗೆ. ಅಲ್ಲಿಗೆ ರಸ್ತೆಯೇ ಇಲ್ಲ. ದ್ವೀಪದ ನಡುಮಧ್ಯೆ 1,569 ಮೀಟರ್ ಎತ್ತರದ ವೈಅಲೆಅಲೆ ಶಿಖರವಿದೆ. ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಅದೂ ಒಂದು. ಅದರ ಮಗ್ಗುಲಿನ ಕಣಿವೆಗಳನ್ನು, ಗೋಡೆ ತುಂಬ ಇಳಿಯುವ ಜಲಪಾತಗಳನ್ನು ನೋಡಬೇಕಾದರೆ ಆಕಾಶದಿಂದಲೇ ನೋಡಬೇಕು.

ಆ ಜಲಪಾತಗಳನ್ನು ಹುಟ್ಟಿಸುವ ಮೋಡವೇ ಇಲ್ಲಿನ ಹೆಲಿಕಾಪ್ಟರುಗಳಿಗೆ ದೊಡ್ಡ ಅಪಾಯ. ಹಾಗಾಗಿ ಕಂಪನಿ ಆರಿಸುವಾಗ ಬೆಲೆ, ಫೋಟೊ, ನಕ್ಷತ್ರದ ರೇಟಿಂಗ್ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಹವೆ ಕೆಟ್ಟಾಗ "ಇವತ್ತು ಬೇಡ" ಎನ್ನುವುದು ಆ ಕಂಪನಿಗೆ, ಅದರ ಪೈಲಟ್‌ಗೆ ಮತ್ತು ನಿಮಗೆ ಎಷ್ಟು ಸಲೀಸು? ಮುಂದಿನ ಹೆಚ್ಚಿನ ಸಲಹೆಗಳು ಇದೇ ಪ್ರಶ್ನೆಯಿಂದ ಹುಟ್ಟಿದವು.

ಮೊದಲು ದಾರಿ ಮತ್ತು ಹೊತ್ತು

ದ್ವೀಪದ ಪೂರ್ತಿ ಸುತ್ತಿಗೆ 50ರಿಂದ 60 ನಿಮಿಷ ಬೇಕು. ಲಿಹುಎ ವಿಮಾನ ನಿಲ್ದಾಣದಿಂದ ಹೊರಡುವ ಹಾರಾಟ ಸಾಮಾನ್ಯವಾಗಿ ನೈಋತ್ಯಕ್ಕೆ ಹೋಗಿ ಹನಪೆಪೆ ಕಣಿವೆ ಹೊಗುತ್ತದೆ. ಅಲ್ಲಿ ಸುಮಾರು 120 ಮೀಟರ್ ಎತ್ತರದ ಮನವೈಯೊಪುನ ಜಲಪಾತ ಸಿಗುತ್ತದೆ. ಅಲ್ಲಿಂದ ಕೆಂಪು ಮಣ್ಣಿನ ವೈಮೆಯಾ ಕಣಿವೆ, ಆಮೇಲೆ ನಾ ಪಾಲಿ, ಉತ್ತರದ ಹನಲೇ ಕೊಲ್ಲಿ, ಕೊನೆಗೆ ಮೋಡ ಬಿಟ್ಟುಕೊಟ್ಟರೆ ವೈಅಲೆಅಲೆಯ ಒಳಮಗ್ಗುಲು, ಮತ್ತೆ ಲಿಹುಎ. ಅಂದರೆ ಇದು ದ್ವೀಪಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ, ನೆಲ ಯಾವಾಗಲೂ ನಿಮ್ಮ ಬಲಕ್ಕೆ. ಸೀಟಿನ ವಿಷಯ ಬಂದಾಗ ಇದು ನೆನಪಿರಲಿ.

ಲಿಹುಎ ಅಲ್ಲದೆ ದಕ್ಷಿಣದ ಪೋರ್ಟ್ ಅಲೆನ್, ಉತ್ತರದ ಪ್ರಿನ್ಸ್‌ವಿಲ್‌ನಿಂದಲೂ ಹಾರಾಟಗಳು ಹೊರಟಿದ್ದುಂಟು. ನಾ ಪಾಲಿಯನ್ನೇ ನಿಧಾನವಾಗಿ ನೋಡಬೇಕು ಎನ್ನುವವರು ಹತ್ತಿರದ ನೆಲೆಯಿಂದ ಹೊರಟರೆ ಹೋಗಿಬರುವ ಹೊತ್ತು ಉಳಿಯುತ್ತದೆ. 30–35 ನಿಮಿಷದ ಅಗ್ಗದ ಹಾರಾಟಗಳಲ್ಲಿ ಮಾತ್ರ ಏನನ್ನೋ ಬಿಟ್ಟಿರುತ್ತಾರೆ. ಯಾವುದನ್ನು ಬಿಡುತ್ತೀರಿ ಎಂದು ನಕ್ಷೆ ಮುಂದಿಟ್ಟುಕೊಂಡೇ ಕೇಳಿ. ಇನ್ನೊಂದು ಮಾತು: ಅವರು ಹೇಳುವ "60 ನಿಮಿಷ" ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಹೊತ್ತೇ, ಅಥವಾ ತೂಕ ನೋಡಿ, ವಿಡಿಯೊ ತೋರಿಸಿ, ಹತ್ತಿಸಿ ಇಳಿಸುವುದೂ ಸೇರಿದ ಹೊತ್ತೇ? ಇದು ಬರಹದಲ್ಲಿ ಇರಬೇಕು.

ಹೊತ್ತು ಆರಿಸುವಲ್ಲಿ ನಿಜವಾದ ಇಕ್ಕಟ್ಟು ಒಂದಿದೆ. ಈಶಾನ್ಯದಿಂದ ಬೀಸುವ ವ್ಯಾಪಾರ ಮಾರುತ ತೇವದ ಗಾಳಿಯನ್ನು ಬೆಟ್ಟಕ್ಕೆ ಏರಿಸುತ್ತದೆ. ಬಿಸಿಲು ಏರಿದಂತೆ ಮೋಡ ಕಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಶಿಖರ ಮುಚ್ಚಿಹೋಗುತ್ತದೆ, ಗಾಳಿಯ ಕುಲುಕಾಟವೂ ಹೆಚ್ಚುತ್ತದೆ. ಆದ್ದರಿಂದ ಬೆಳಿಗ್ಗೆಯೇ ಮೇಲು. ಆದರೆ ನಾ ಪಾಲಿ ವಾಯವ್ಯಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಆ ಗೋಡೆಗಳು ತಮ್ಮ ನೆರಳಿನಲ್ಲೇ ಕಪ್ಪಾಗಿ ನಿಂತಿರುತ್ತವೆ, ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಬೇಸಿಗೆಯಲ್ಲಿ ಸೂರ್ಯ ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ ಮುಳುಗುವುದರಿಂದ ಈ ಸಂಜೆ ಬೆಳಕು ಚೆನ್ನಾಗಿರುತ್ತದೆ. ಡಿಸೆಂಬರ್–ಜನವರಿಯಲ್ಲಿ ಅಷ್ಟು ಸಿಗುವುದಿಲ್ಲ. ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ ಬೆಳಿಗ್ಗೆ 8ರಿಂದ 11ರೊಳಗಿನ ಹಾರಾಟ. ಫೋಟೊಗೆಂದೇ ಹೋಗುವವರು ಮಧ್ಯಾಹ್ನ 2ರ ಮೇಲೆ ತೆಗೆದುಕೊಳ್ಳಬಹುದು, ಆದರೆ ವೈಅಲೆಅಲೆಯ ಆಸೆ ಬಿಟ್ಟೇ ಹೊರಡಬೇಕು.

ಮಳೆಗಾಲ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್. ಜಲಪಾತಗಳಿಗೆ ಅದು ಒಳ್ಳೆಯ ಕಾಲ, ಹಾರಾಟ ರದ್ದಾಗುವುದೂ ಆಗಲೇ ಹೆಚ್ಚು. ಚಳಿಗಾಲದಲ್ಲಿ ಕೆಲವು ದಿನ ಗಾಳಿ ತಿರುಗಿ ದಕ್ಷಿಣದಿಂದ ಬೀಸುತ್ತದೆ. ಅಲ್ಲಿಯವರು ಅದನ್ನು ಕೋನಾ ಗಾಳಿ ಎನ್ನುತ್ತಾರೆ. ಆಗ ಸಾಮಾನ್ಯವಾಗಿ ತಿಳಿಯಾಗಿರುವ ದಕ್ಷಿಣ ಕರಾವಳಿಗೇ ಮೋಡ ಕವಿಯುತ್ತದೆ. ದೊಡ್ಡ ದ್ವೀಪ ಎಂದು ಕರೆಯುವ ಹವಾಯಿ ದ್ವೀಪದ ಜ್ವಾಲಾಮುಖಿ ಉಗುಳಿದ ಹೊಗೆಮಂಜು ಕೂಡ ಇಲ್ಲಿಯವರೆಗೆ ಬಂದು ದೂರದ ನೋಟವನ್ನು ಮಸುಕು ಮಾಡುತ್ತದೆ.

ಖಾಸಗಿ ಹಾರಾಟದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಖಾಸಗಿ ಎಂದರೆ ಸೀಟಿನ ಲೆಕ್ಕ ಬಿಟ್ಟು ಇಡೀ ಹೆಲಿಕಾಪ್ಟರನ್ನು ಹಿಡಿಯುವುದು. ಅಪರಿಚಿತರು ಜೊತೆಗಿರುವುದಿಲ್ಲ, ಹೊರಡುವ ಹೊತ್ತು ನಿಮ್ಮದು, ಬೇಕಾದ ಕಣಿವೆಗೆ ಎರಡು ಸುತ್ತು ಹಾಕಿಸಬಹುದು, ಬೇಡದ್ದನ್ನು ಬಿಡಿಸಬಹುದು. ಎರಡೂ ಕಡೆಯ ಕಿಟಕಿಯವರಿಗೆ ಕಾಣುವಂತೆ ಪೈಲಟ್ ತಿರುವು ತೆಗೆದುಕೊಳ್ಳುವಾಗ ಆತುರ ಇರುವುದಿಲ್ಲ. ಕೆಲವು ಕಂಪನಿಗಳು "ಖಾಸಗಿ" ಎಂದು ಹೇಳಿ ಕನಿಷ್ಠ ಇಷ್ಟು ಸೀಟಿನ ದುಡ್ಡು ಎಂದು ಲೆಕ್ಕ ಹಾಕುತ್ತವೆ, ಕೆಲವು ಗಂಟೆಗೆ ಇಷ್ಟು ಎನ್ನುತ್ತವೆ. ಇಂಧನ ಸರ್‌ಚಾರ್ಜ್, ನಿಲ್ದಾಣ ಶುಲ್ಕ, ತೆರಿಗೆ ಎಲ್ಲ ಸೇರಿದ ಒಟ್ಟು ಮೊತ್ತವನ್ನೇ ಕೇಳಿ ಹೋಲಿಸಿ.

ಸಿಗದಿರುವುದನ್ನೂ ತಿಳಿದಿರಬೇಕು. ಎಷ್ಟು ಕೆಳಗೆ ಹಾರಬೇಕು ಎಂಬುದು ಗ್ರಾಹಕರ ಇಷ್ಟವಲ್ಲ. ಹವಾಯಿಯ ವಾಯುಪ್ರವಾಸಗಳಿಗೆ ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಮಾಡಿರುವ ವಿಶೇಷ ನಿಯಮದ ಪ್ರಕಾರ ನೆಲದಿಂದ, ಜನರಿಂದ, ಆಸ್ತಿಯಿಂದ 1,500 ಅಡಿ ದೂರ ಇರಬೇಕು. ಪ್ರತ್ಯೇಕ ಅನುಮತಿ ಪಡೆದ ಕಂಪನಿಗಳು ಗೊತ್ತುಪಡಿಸಿದ ಜಾಗಗಳಲ್ಲಷ್ಟೇ ಅದಕ್ಕಿಂತ ಕೆಳಗೆ ಹಾರಬಹುದು. ಜಲಪಾತದ ಬುಡದಲ್ಲಿ ಇಳಿಯುವುದಕ್ಕೂ ಜಮೀನಿನ ಒಡೆಯರ ಒಪ್ಪಿಗೆ ಬೇಕು.

ಖಾಸಗಿ ಹಾರಾಟಕ್ಕೇ ಅಂಟಿಕೊಂಡ ಅಪಾಯ ಒಂದಿದೆ. ದುಬಾರಿ ದುಡ್ಡು ಕೊಟ್ಟವರು ಪಕ್ಕದಲ್ಲೇ ಕೂತು "ಇನ್ನೂ ಸ್ವಲ್ಪ ಒಳಗೆ ಹೋಗಿ ನೋಡೋಣ" ಎಂದರೆ ಪೈಲಟ್ ಮೇಲೆ ಒತ್ತಡ ಬೀಳುತ್ತದೆ. ಹತ್ತುವ ಮೊದಲೇ ಎಲ್ಲರ ಎದುರು ಪೈಲಟ್‌ಗೆ ಹೇಳಿಬಿಡಿ: "ಮೋಡ ಕಂಡರೆ ತಿರುಗಿಸಿ, ನಮಗೆ ಬೇಸರವಿಲ್ಲ." ಒಂದು ವಾಕ್ಯ ಸಾಕು, ಅವರ ತಲೆಯಿಂದ ದೊಡ್ಡ ಭಾರ ಇಳಿಯುತ್ತದೆ.

ಯಾವ ಯಂತ್ರ, ಯಾವ ಸೀಟು

ಇಲ್ಲಿ ಹೆಚ್ಚಾಗಿ ಕಾಣುವವು ಏರ್‌ಬಸ್‌ನ ಎಎಸ್350 (ಎ-ಸ್ಟಾರ್ ಎನ್ನುತ್ತಾರೆ), ಅದರದೇ ಇಸಿ130, ಎಂಡಿ 500, ರಾಬಿನ್ಸನ್ ಆರ್44. ಎ-ಸ್ಟಾರ್‌ನಲ್ಲಿ ಪೈಲಟ್ ಜೊತೆ 6 ಜನ: ಮುಂದೆ ಇಬ್ಬರು, ಹಿಂದೆ ನಾಲ್ವರು. ಪೈಲಟ್ ಬಲಗಡೆ ಕೂರುತ್ತಾರೆ. ಹಿಂದಿನ ಸಾಲಿನ ನಡುವಿನ ಎರಡು ಸೀಟುಗಳಿಗೆ ಎರಡೂ ಕಡೆ ಪಕ್ಕದವರ ಭುಜವೇ ಅಡ್ಡ. ಇಸಿ130ರಲ್ಲಿ ಪೈಲಟ್ ಎಡಗಡೆ, ಹಿಂದಿನ ಸಾಲು ಸ್ವಲ್ಪ ಎತ್ತರ, ಗಾಜು ಅಗಲ. ಬಾಲದ ರೋಟರ್ ಕವಚದೊಳಗೆ ಇರುವುದರಿಂದ ಸದ್ದೂ ಕಡಿಮೆ.

ಈಗ ಪ್ರದಕ್ಷಿಣೆಯ ಲೆಕ್ಕಕ್ಕೆ ಬನ್ನಿ. ನಾ ಪಾಲಿಯ ಉದ್ದಕ್ಕೂ ಬಂಡೆಗೋಡೆ ಬಲಕ್ಕೆ ಬರುತ್ತದೆ. ಎ-ಸ್ಟಾರ್‌ನಲ್ಲಿ ಮುಂದಿನ ಬಲಬದಿ ಪೈಲಟ್‌ದು, ಹಾಗಾಗಿ ಹಿಂದಿನ ಬಲ ಕಿಟಕಿ ಸೀಟೇ ಚಿನ್ನ. ಇಸಿ130ರಲ್ಲಿ ಮುಂದಿನ ಬಲ ಸೀಟು ಪ್ರಯಾಣಿಕರಿಗೇ ಸಿಗುತ್ತದೆ. ಆದರೆ ಯಾರು ಎಲ್ಲಿ ಕೂರಬೇಕು ಎಂಬುದನ್ನು ಕೊನೆಗೆ ತೂಕ ತೀರ್ಮಾನಿಸುತ್ತದೆ. "ಮುಂದಿನ ಸೀಟು ಗ್ಯಾರಂಟಿ" ಎಂದು ಮಾರುವವರ ಮಾತಿಗೆ ಸಮತೋಲನದ ಲೆಕ್ಕ ಒಪ್ಪಿದರೆ ಮಾತ್ರ ಬೆಲೆ.

ನಾಲ್ವರಿದ್ದರೆ ಆರು ಸೀಟಿನ ಯಂತ್ರವನ್ನು ಖಾಸಗಿಯಾಗಿ ಹಿಡಿಯುವುದು ನಮ್ಮ ಪ್ರಕಾರ ಅತ್ಯುತ್ತಮ. ಹಿಂದೆ ಇಬ್ಬರಿಗೆ ಎರಡು ಕಿಟಕಿ, ಮುಂದೆ ಇಬ್ಬರಿಗೆ ಎದುರಿನ ಇಡೀ ಗಾಜು, ಯಾರೂ ನಡುವೆ ಸಿಕ್ಕಿಕೊಳ್ಳುವುದಿಲ್ಲ. ಇಬ್ಬರೇ ಇದ್ದರೆ ಅಷ್ಟು ದೊಡ್ಡದಕ್ಕೆ ದುಡ್ಡು ಸುರಿಯುವ ಬದಲು ನಾಲ್ಕು ಪ್ರಯಾಣಿಕರ ಎಂಡಿ 500 ನೋಡಬಹುದು. ಮೂರು ಪ್ರಯಾಣಿಕರ ಆರ್44 ಎಲ್ಲಕ್ಕಿಂತ ಅಗ್ಗ, ಪಿಸ್ಟನ್ ಎಂಜಿನ್. ಅದರ ಎರಡು ರೆಕ್ಕೆಯ ರೋಟರ್ ಜೋರು ಕುಲುಕಾಟದಲ್ಲಿ ಬಹಳ ಎಚ್ಚರದ ಹಾರಾಟ ಕೇಳುತ್ತದೆ, ವೇಗ ತಗ್ಗಿಸಬೇಕೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ. ಗಾಳಿ ಜೋರಿರುವ ದಿನ ಆರ್44 ಹಾರಾಟ ರದ್ದು ಮಾಡುವ ಕಂಪನಿ ತನ್ನ ಕೆಲಸ ತಿಳಿದ ಕಂಪನಿ.

ಬಾಗಿಲು ತೆಗೆದ ಹಾರಾಟ

ಗಾಜಿನ ಪ್ರತಿಬಿಂಬ ಇರುವುದಿಲ್ಲ, ಫೋಟೊ ಸ್ವಚ್ಛ ಬರುತ್ತದೆ ಎಂದು ಅನೇಕರು ಇದನ್ನೇ ಕೇಳುತ್ತಾರೆ. ಕೇಳುವ ಮೊದಲು ಮೂರು ಸಂಗತಿ ಗೊತ್ತಿರಲಿ. ಗಾಳಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬಡಿಯುತ್ತದೆ. ಎತ್ತರ ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪಾಗುವುದರಿಂದ ಉಷ್ಣವಲಯದ ದ್ವೀಪದಲ್ಲೂ ಜಾಕೆಟ್ ಇಲ್ಲದೆ ನಡುಗುತ್ತೀರಿ. ಮಳೆಹನಿ ಮುಖಕ್ಕೆ ಮುಳ್ಳಿನಂತೆ ಚುಚ್ಚುತ್ತದೆ.

ಇನ್ನೂ ಮುಖ್ಯವಾದದ್ದು ಬೆಲ್ಟ್. 2018ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಈಸ್ಟ್ ನದಿಯಲ್ಲಿ ಬಾಗಿಲು ತೆಗೆದ ಫೋಟೊ ಹಾರಾಟದ ಎ-ಸ್ಟಾರ್ ಒಂದು ನೀರಿಗಿಳಿದು ಮಗುಚಿತು. ಐವರು ಪ್ರಯಾಣಿಕರೂ ಸತ್ತರು, ಪೈಲಟ್ ಒಬ್ಬರೇ ಉಳಿದರು. ಪ್ರಯಾಣಿಕರಿಗೆ ತೊಡಿಸಿದ್ದ ಹೆಚ್ಚುವರಿ ಹಾರ್ನೆಸ್‌ನ ಹಗ್ಗ ನೆಲದ ಮೇಲಿದ್ದ ಇಂಧನ ಬಂದ್ ಮಾಡುವ ಲಿವರ್‌ಗೆ ಸಿಕ್ಕಿ ಎಂಜಿನ್ ನಿಂತಿತ್ತು. ಬೆನ್ನ ಹಿಂದೆ ಬಿಗಿದಿದ್ದ ಅದೇ ಹಾರ್ನೆಸ್ ಬಿಚ್ಚಿಕೊಳ್ಳಲಾಗದೆ ಅವರು ಮುಳುಗಿದರು. ಅದಾದ ಮೇಲೆ ಎಫ್‌ಎಎ, ಪ್ರಯಾಣಿಕರು ತಾವೇ ತಟ್ಟನೆ ಬಿಚ್ಚಿಕೊಳ್ಳಲಾಗದ ಹೆಚ್ಚುವರಿ ಹಾರ್ನೆಸ್ ಹಾಕಿ ಬಾಗಿಲು ತೆಗೆದು ಹಾರಿಸುವುದನ್ನು ನಿಷೇಧಿಸಿತು. ನಿಮಗೆ ಹಾಕಿದ ಪ್ರತಿಯೊಂದು ಬಕಲ್ಲನ್ನೂ ಒಂದೇ ಕೈಯಲ್ಲಿ, ಕಣ್ಣು ಮುಚ್ಚಿ, ಕತ್ತರಿ ಇಲ್ಲದೆ ಬಿಚ್ಚಲು ಬರಬೇಕು. ನೆಲದ ಮೇಲೆ ಇರುವಾಗಲೇ ಬಿಚ್ಚಿ ನೋಡಿ. ಬರದಿದ್ದರೆ ಹತ್ತಬೇಡಿ. ಮಕ್ಕಳಿರುವ ಕುಟುಂಬಕ್ಕೆ ಬಾಗಿಲು ಮುಚ್ಚಿದ ಹಾರಾಟವೇ ಸರಿ.

ಕಂಪನಿಯನ್ನು ಅಳೆಯುವ ಬಗೆ

ಇಲ್ಲಿ ಹೊತ್ತು ಕೊಡಿ. ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿ ಬರೆಸಿಕೊಳ್ಳಿ.

ಮೊದಲ ಪ್ರಶ್ನೆ: ನನ್ನ ಹಾರಾಟ ಪಾರ್ಟ್ 135ರ ಅಡಿಯಲ್ಲೋ, ಪಾರ್ಟ್ 91ರ ಅಡಿಯಲ್ಲೋ? ಅಮೆರಿಕದ ನಿಯಮದಲ್ಲಿ ಒಂದೇ ನಿಲ್ದಾಣದಿಂದ ಹೊರಟು, ನಡುವೆ ಎಲ್ಲೂ ಇಳಿಯದೆ, ಆ ನಿಲ್ದಾಣದಿಂದ 25 ಮೈಲಿ ದೂರದೊಳಗೇ ಹಾರಿ ಅಲ್ಲಿಗೇ ಮರಳುವ ಪ್ರವಾಸಕ್ಕೆ ಸಡಿಲಿಕೆ ಇದೆ. ಅಂಥದ್ದನ್ನು ಎಫ್‌ಎಎಯ ಒಂದು ಅಧಿಕಾರ ಪತ್ರ ಪಡೆದು ಪಾರ್ಟ್ 91ರಲ್ಲೇ, ಅಂದರೆ ಸಾಮಾನ್ಯ ಹಾರಾಟಗಳ ಸಡಿಲ ನಿಯಮದಲ್ಲೇ, ನಡೆಸಬಹುದು. ಪಾರ್ಟ್ 135 ಬಾಡಿಗೆ ವಿಮಾನಗಳ ಬಿಗಿ ನಿಯಮ. ಅಲ್ಲಿ ಪೈಲಟ್‌ಗೆ ಕನಿಷ್ಠ 500 ಗಂಟೆ ಹಾರಾಟದ ಅನುಭವ ಬೇಕು, ಪ್ರತಿ ವರ್ಷ ಪರೀಕ್ಷೆ ಇರುತ್ತದೆ, ಕೆಲಸದ ಹೊತ್ತಿಗೆ ಮಿತಿ ಇರುತ್ತದೆ. ಬರೀ ಕಮರ್ಷಿಯಲ್ ಹೆಲಿಕಾಪ್ಟರ್ ಲೈಸೆನ್ಸ್‌ಗೆ 150 ಗಂಟೆ ಸಾಕು. ನಡುವೆ ಎಲ್ಲಾದರೂ ಇಳಿಯುವ ಪ್ರವಾಸಕ್ಕೆ ಈ ಸಡಿಲಿಕೆ ಅನ್ವಯಿಸುವುದಿಲ್ಲ. ಫೋನ್ ಎತ್ತಿದವರಿಗೆ ಈ ಪ್ರಶ್ನೆಯೇ ಅರ್ಥವಾಗದಿದ್ದರೆ ಮುಖ್ಯ ಪೈಲಟ್ ಅಥವಾ ಕಾರ್ಯಾಚರಣೆಯ ಮುಖ್ಯಸ್ಥರನ್ನು ಕೇಳಿ. ಪಾರ್ಟ್ 135 ಕಂಪನಿಗಳ ಮತ್ತು ಅವುಗಳ ಹೆಲಿಕಾಪ್ಟರುಗಳ ಪಟ್ಟಿಯನ್ನು ಎಫ್‌ಎಎ ತನ್ನ ಜಾಲತಾಣದಲ್ಲಿ ಹಾಕಿರುತ್ತದೆ, ಅಲ್ಲಿ ಹೋಲಿಸಿ ನೋಡಬಹುದು. ಬುಕಿಂಗ್ ಜಾಲತಾಣದ ಹೆಸರು ಬೇರೆ, ನಿಜವಾಗಿ ಹಾರಿಸುವ ಕಂಪನಿ ಬೇರೆ ಆಗಿರುವುದುಂಟು. ಪಟ್ಟಿಯಲ್ಲಿ ಹುಡುಕಬೇಕಾದದ್ದು ಹಾರಿಸುವವರ ಹೆಸರನ್ನು.

ಎರಡನೆಯದು ಅಪಘಾತಗಳ ಇತಿಹಾಸ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ದಾಖಲೆಗಳು ಎಲ್ಲರಿಗೂ ತೆರೆದಿವೆ. ಕಂಪನಿಯ ಹೆಸರು, ಜಾಗ, ಯಂತ್ರದ ಮಾದರಿ ಕೊಟ್ಟು ಹುಡುಕಬಹುದು. ಒಂದು ಅಪಘಾತ ಕಂಡ ಕೂಡಲೇ ಕಂಪನಿಯನ್ನು ತಳ್ಳಿಹಾಕಬೇಕಿಲ್ಲ. ವರದಿ ಓದಿ, ಅದಾದ ಮೇಲೆ ಅಲ್ಲಿ ಏನು ಬದಲಾಯಿತು ಎಂದು ಕೇಳಿ. ತಡವರಿಸದೆ ಉತ್ತರ ಬಂದರೆ ಅದು ಒಳ್ಳೆಯ ಲಕ್ಷಣ.

ಕವಾಯಿಯ ಮಟ್ಟಿಗೆ ಓದಲೇಬೇಕಾದ ವರದಿ 2019ರ ಡಿಸೆಂಬರ್ 26ರದ್ದು. ಅಂದು ಒಂದು ಎ-ಸ್ಟಾರ್ ಬೆಟ್ಟಕ್ಕೆ ಬಡಿದು ಪೈಲಟ್ ಮತ್ತು ಆರು ಪ್ರಯಾಣಿಕರು, ಏಳೂ ಜನ ಸತ್ತರು. ಕಣ್ಣಿಗೆ ಕಾಣುವುದನ್ನೇ ನಂಬಿ ನಡೆಸಬೇಕಾದ ಹಾರಾಟವನ್ನು ಪೈಲಟ್ ಮೋಡದೊಳಗೆ ಮುಂದುವರಿಸಿದ್ದೇ ಕಾರಣ ಎಂದು ಮಂಡಳಿ ತೀರ್ಮಾನಿಸಿತು. ಹವಾಯಿಯಲ್ಲಿ ಹವಾಮಾನ ಕ್ಯಾಮೆರಾಗಳನ್ನು ಹಾಕಲು ತಡ ಮಾಡಿದ್ದಕ್ಕೆ, ಪ್ರವಾಸದ ಪೈಲಟ್‌ಗಳಿಗೆ ಕೆಡುತ್ತಿರುವ ಹವೆಯ ಗುರುತು ಹಿಡಿಯುವ ತರಬೇತಿ ರೂಪಿಸುವಲ್ಲಿ ಹಿಂದೆ ಬಿದ್ದದ್ದಕ್ಕೆ ಎಫ್‌ಎಎಯನ್ನೂ ಅದು ಹೊಣೆ ಮಾಡಿತು. ಈ ವರದಿಯಿಂದಲೇ ನಿಮ್ಮ ಪ್ರಶ್ನೆಗಳನ್ನು ಎತ್ತಿಕೊಳ್ಳಿ:

- ಎಷ್ಟು ಮೈಲಿ ನೋಟ, ಮೋಡದ ತಳ ಎಷ್ಟು ಎತ್ತರ ಇದ್ದರೆ ಹಾರುತ್ತೀರಿ? ಕಾನೂನಿನ ಕನಿಷ್ಠಕ್ಕಿಂತ ಬಿಗಿಯಾದ ನಿಮ್ಮದೇ ಮಿತಿ ಬರಹದಲ್ಲಿದೆಯೇ?
- ಪೈಲಟ್‌ಗಳಿಗೆ ಮೋಡದೊಳಗೆ ಸಿಕ್ಕರೆ ಹೊರಬರುವ ತರಬೇತಿ ವರ್ಷಕ್ಕೆ ಎಷ್ಟು ಸಲ? ಹವಾಯಿಯ ಹವೆಯಲ್ಲೇ ಎಷ್ಟು ಗಂಟೆ ಹಾರಿದ್ದಾರೆ?
- ಪೈಲಟ್ ಅರ್ಧ ದಾರಿಯಿಂದ ವಾಪಸು ತಂದರೆ ನಮ್ಮ ದುಡ್ಡೇನಾಗುತ್ತದೆ? ಪೈಲಟ್‌ನ ಸಂಬಳಕ್ಕೆ ಪೆಟ್ಟು ಬೀಳುತ್ತದೆಯೇ?
- ಕಳೆದ ಹದಿನೈದು ದಿನದಲ್ಲಿ ಹವೆಯ ಕಾರಣಕ್ಕೆ ಎಷ್ಟು ಹಾರಾಟ ರದ್ದಾದವು?

ಕೊನೆಯ ಪ್ರಶ್ನೆಗೆ "ನಾವು ರದ್ದು ಮಾಡುವುದೇ ಇಲ್ಲ ಸಾರ್" ಎಂಬ ಉತ್ತರ ಬಂದರೆ ಅಲ್ಲಿಗೆ ಮಾತು ಮುಗಿಸಿ. ಇಷ್ಟು ಮಳೆಯ ದ್ವೀಪದಲ್ಲಿ ಅದು ಹೆಮ್ಮೆಯ ಮಾತಲ್ಲ. ದಿನ, ಕಾರಣ ಸಮೇತ ಹೇಳುವವರನ್ನು ನಂಬಬಹುದು.

ಮೂರನೆಯದು ನೀರಿನ ಮೇಲಿನ ಸಿದ್ಧತೆ. ಎಂಜಿನ್ ನಿಂತ ಹೆಲಿಕಾಪ್ಟರ್ ಗಾಳಿಯಲ್ಲಿ ತೇಲುತ್ತ ಇಳಿಯಬಲ್ಲದು, ಆದರೆ ಇಳಿದ ಎತ್ತರದ ಸುಮಾರು ನಾಲ್ಕು ಪಟ್ಟು ದೂರ ಅಷ್ಟೇ. 1,500 ಅಡಿಯಿಂದ ಎರಡು ಕಿಲೋಮೀಟರೂ ಸಿಗುವುದಿಲ್ಲ, ನಾ ಪಾಲಿಯಲ್ಲಿ ಇಳಿಯಲು ಸಮತಟ್ಟು ತೀರವೂ ವಿರಳ. ಒಂಟಿ ಎಂಜಿನ್ನಿನ ಹೆಲಿಕಾಪ್ಟರ್ ಹವಾಯಿಯಲ್ಲಿ ತೀರ ದಾಟಿದರೆ ಒಂದೋ ತುರ್ತು ತೇಲುಚೀಲಗಳು ಇದ್ದು ಜೀವರಕ್ಷಕ ಜಾಕೆಟ್ ಕೈಗೆಟುಕುವಂತಿರಬೇಕು, ಇಲ್ಲವೇ ಎಲ್ಲರೂ ಜಾಕೆಟ್ ತೊಟ್ಟಿರಬೇಕು ಎಂದು ನಿಯಮವಿದೆ. ನಮ್ಮ ಸಲಹೆ: ತೇಲುಚೀಲ ಇದ್ದು, ಜಾಕೆಟ್ಟನ್ನೂ ಸೊಂಟಕ್ಕೆ ಕಟ್ಟಿಸುವ ಕಂಪನಿಯನ್ನೇ ಹಿಡಿಯಿರಿ.

ಇನ್ನುಳಿದದ್ದು ಚುಟುಕಾಗಿ. ಸುರಕ್ಷತಾ ನಿರ್ವಹಣಾ ವ್ಯವಸ್ಥೆ, ಅಂದರೆ ಅಪಾಯಗಳನ್ನು ಮೊದಲೇ ಗುರುತಿಸಿ ತಗ್ಗಿಸುವ ಕ್ರಮಬದ್ಧ ಏರ್ಪಾಡು, ಇದೆಯೇ ಎಂದು ಕೇಳಿ. 2024ರ ಎಫ್‌ಎಎ ನಿಯಮದಂತೆ ಪಾರ್ಟ್ 135 ಕಂಪನಿಗಳೂ ವಾಯುಪ್ರವಾಸ ಕಂಪನಿಗಳೂ 2027ರ ಮೇ 28ರೊಳಗೆ ಅದನ್ನು ಮಾಡಿಕೊಳ್ಳಬೇಕು, ಒಳ್ಳೆಯವರು ಗಡುವಿಗೆ ಕಾಯುವುದಿಲ್ಲ. ನಿಮ್ಮ ಪ್ರವಾಸ ವಿಮೆಯ ಷರತ್ತುಗಳಲ್ಲಿ ಬಾಡಿಗೆ ಹೆಲಿಕಾಪ್ಟರ್‌ಗೆ ರಕ್ಷಣೆ ಇದೆಯೇ ಎಂದು ಹೊರಡುವ ಮೊದಲೇ ಓದಿ, ಬಹಳಷ್ಟು ಪಾಲಿಸಿಗಳು ವೇಳಾಪಟ್ಟಿಯ ವಿಮಾನಗಳಿಗಷ್ಟೇ ಸೀಮಿತ.

ದಿನ ಗೊತ್ತುಮಾಡುವುದು, ತೂಕ ಹೇಳುವುದು

ದ್ವೀಪದಲ್ಲಿ ಐದು ದಿನ ಇರುವುದಾದರೆ ಎರಡನೇ ದಿನಕ್ಕೆ ಬುಕ್ ಮಾಡಿ. ಮೊದಲ ದಿನ ಪ್ರಯಾಣದ ಆಯಾಸ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಹವೆ ಕೆಟ್ಟಾಗ ಮುಂದೂಡಲು ದಿನವೇ ಉಳಿಯುವುದಿಲ್ಲ, ಆಗ "ಹೇಗಾದರೂ ಹೋಗಿಬಿಡೋಣ" ಎನ್ನುವ ಹಟ ಮನೆಯವರಲ್ಲೇ ಹುಟ್ಟುತ್ತದೆ. ಕಂಪನಿ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್, ನೀವು 24 ಅಥವಾ 48 ಗಂಟೆ ಮೊದಲು ರದ್ದು ಮಾಡಿದರೂ ವಾಪಸ್ ಎಂಬುದು ಬರಹದಲ್ಲಿರಲಿ. ಹಿಂದಿನ ಸಂಜೆ ಮತ್ತು ಅಂದು ಬೆಳಿಗ್ಗೆ ಎಫ್‌ಎಎಯ ಹವಾಮಾನ ಕ್ಯಾಮೆರಾ ಚಿತ್ರಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಕಣಿವೆ ಬಿಳಿಯಾಗಿ ಮುಚ್ಚಿದ್ದರೆ ಫೋನ್ ಮಾಡಿ ನೀವೇ ಮುಂದೂಡುವ ಮಾತೆತ್ತಿ.

ಸ್ಕೂಬಾ ಡೈವಿಂಗ್ ಯೋಜನೆ ಇದ್ದರೆ ಹಾರಾಟವನ್ನು ಅದಕ್ಕಿಂತ ಮುಂಚೆ ಇಟ್ಟುಕೊಳ್ಳಿ. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್, ಎತ್ತರಕ್ಕೆ ಹೋದಾಗ ಗುಳ್ಳೆಗಟ್ಟುತ್ತದೆ. ಡೈವ್ ಮಾಡಿ 24 ಗಂಟೆ ಕಳೆಯದೆ ಹಾರಬೇಡಿ.

ಬುಕಿಂಗ್ ಅರ್ಜಿಯಲ್ಲಿ ಪ್ರತಿಯೊಬ್ಬರ ತೂಕ ಪೌಂಡ್‌ನಲ್ಲಿ ಕೇಳುತ್ತಾರೆ. ಕಿಲೋಗೆ 2.2ರಂತೆ ಗುಣಿಸಿ: 80 ಕಿಲೋ ಎಂದರೆ 176 ಪೌಂಡ್. ಬಟ್ಟೆ, ಬೂಟು, ಕ್ಯಾಮೆರಾ ಸೇರಿದ ತೂಕ ಕೊಡಿ. ನಾಚಿಕೆಗೆ ಐದಾರು ಕಿಲೋ ಕಡಿಮೆ ಹೇಳುವುದು ಬೇಡ, ಅಂದು ತಕ್ಕಡಿ ಮೇಲೆ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಎ-ಸ್ಟಾರ್ ಬಿ2 ಮಾದರಿ ಪ್ರಯಾಣಿಕರು, ಇಂಧನ ಎಲ್ಲ ಸೇರಿ 2,250 ಕಿಲೋ ಮೀರುವಂತಿಲ್ಲ. ಜನರ ತೂಕ ಹೆಚ್ಚಾದರೆ ಇಂಧನ ಇಳಿಸಬೇಕು, ಇಂಧನ ಇಳಿದರೆ ಸುತ್ತು ಮೊಟಕಾಗುತ್ತದೆ. 240–250 ಪೌಂಡ್ ಮೀರಿದವರಿಗೆ ಹೆಚ್ಚುವರಿ ಸೀಟಿನ ದರ ಹಾಕುವ ರೂಢಿ ಇದೆ. ಖಾಸಗಿ ಹಾರಾಟದಲ್ಲಿ ಸೀಟು ಖಾಲಿ ಇರುವಾಗಲೂ ಅದನ್ನು ಹಾಕುತ್ತಾರೆಯೇ ಎಂದು ಕೇಳಿ, ಹಾಕಿದರೆ ತಕರಾರು ಮಾಡಿ.

ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಎಫ್‌ಎಎ ನಿಯಮ ಬಿಡುತ್ತದೆ. ನಾವು ಅದನ್ನು ಹೇಳುವುದಿಲ್ಲ. ಜೋರು ಕುಲುಕಾಟದಲ್ಲಿ ಕೈ ಹಿಡಿತ ನಿಲ್ಲದು, ಪುಟ್ಟ ಕಿವಿಗೆ ಹೆಡ್‌ಸೆಟ್ ಸರಿಯಾಗಿ ಕೂರದು.

ಹಾರುವ ದಿನ

ಕಡು ಬಣ್ಣದ ಬಟ್ಟೆ ತೊಡಿ. ಬಿಳಿ ಅಂಗಿ ಇಡೀ ಗಾಜಿನಲ್ಲಿ ಪ್ರತಿಫಲಿಸಿ ನಿಮ್ಮ ಫೋಟೊವಷ್ಟೇ ಅಲ್ಲ, ಪಕ್ಕದವರ ನೋಟವನ್ನೂ ಕೆಡಿಸುತ್ತದೆ. ಟೋಪಿ, ದುಪಟ್ಟಾ, ಸೆಲ್ಫಿ ಕೋಲು ಕಾರಿನಲ್ಲೇ ಇರಲಿ, ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿ. ವಾಂತಿ ಬರುವವರು ಹೊರಡುವ ಒಂದು ಗಂಟೆ ಮೊದಲು ವೈದ್ಯರು ಹೇಳಿದ ಮಾತ್ರೆ ನುಂಗಿ, ಲಘುವಾಗಿ ತಿಂದಿರಲಿ. ಬರೀ ಹೊಟ್ಟೆ ಇನ್ನೂ ಕೆಟ್ಟದ್ದು. ಕ್ಯಾಮೆರಾದ ಪರದೆ ಬಿಟ್ಟು ದೂರದ ದಿಗಂತ ನೋಡಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಜೀವರಕ್ಷಕ ಜಾಕೆಟ್ಟಿನ ಪಾಠವನ್ನು ಅಸಡ್ಡೆಯಿಂದ ಕೇಳಬೇಡಿ. ಸೊಂಟಕ್ಕೆ ಕಟ್ಟಿದ ಚೀಲದಿಂದ ಜಾಕೆಟ್ ಎಳೆದು, ತಲೆಯ ಮೇಲಿಂದ ಹಾಕಿಕೊಂಡು, ಹೊರಗೆ ಬಂದ ಮೇಲಷ್ಟೇ ಗಾಳಿ ತುಂಬುವ ಎಳೆಪಟ್ಟಿ ಎಳೆಯಬೇಕು. ಒಳಗೇ ಎಳೆದರೆ ಏನಾಗುತ್ತದೆ? ಎಂಜಿನ್, ರೋಟರ್ ಎಲ್ಲ ಮೇಲಿರುವುದರಿಂದ ನೀರಿಗೆ ಬಿದ್ದ ಹೆಲಿಕಾಪ್ಟರ್ ಸಾಮಾನ್ಯವಾಗಿ ತಲೆಕೆಳಗಾಗುತ್ತದೆ. ಉಬ್ಬಿದ ಜಾಕೆಟ್ ನಿಮ್ಮನ್ನು ಮೇಲಕ್ಕೆ ಒತ್ತಿ ಕ್ಯಾಬಿನ್ನಿಗೇ ಅಂಟಿಸುತ್ತದೆ, ನೀರಿನಡಿಯ ಬಾಗಿಲಿಗೆ ಇಳಿಯಲು ಬಿಡುವುದಿಲ್ಲ. ಕ್ರಮ ಹೀಗೆ: ಯಂತ್ರದ ಅಲುಗಾಟ ನಿಲ್ಲುವವರೆಗೆ ಬೆಲ್ಟ್ ಬಿಚ್ಚದೆ ಕೂರಿ, ಒಂದು ಕೈ ಬಾಗಿಲಿನ ಹಿಡಿಯ ಮೇಲಿರಲಿ, ಬಾಗಿಲು ತೆರೆಯಿರಿ, ಆಮೇಲೆ ಬೆಲ್ಟ್ ಬಿಚ್ಚಿ, ಹೊರಗೆ ಬನ್ನಿ, ಆಮೇಲೆ ಜಾಕೆಟ್ ಉಬ್ಬಿಸಿ. ಕೂತ ಕೂಡಲೇ ಹಿಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಒಮ್ಮೆ ತಡವಿ ನೋಡಿ.

ರೋಟರ್ ತಿರುಗುತ್ತಿರುವಾಗಲೇ ಹತ್ತಿಸುವುದು ಇಲ್ಲಿ ಮಾಮೂಲು. ಪೈಲಟ್‌ಗೆ ಕಾಣುವ ಹಾಗೆ ಮುಂದಿನಿಂದ ಅಥವಾ ಪಕ್ಕದಿಂದ, ನೆಲದ ಸಿಬ್ಬಂದಿ ಕರೆದುಕೊಂಡು ಹೋದ ದಾರಿಯಲ್ಲೇ, ತಲೆ ತಗ್ಗಿಸಿ ನಡೆಯಿರಿ. ಬಾಲದ ಕಡೆ ಯಾವ ಕಾರಣಕ್ಕೂ ಹೋಗಬೇಡಿ. ತಿರುಗುವ ಬಾಲದ ರೋಟರ್ ಕಣ್ಣಿಗೆ ಕಾಣಿಸುವುದೇ ಇಲ್ಲ. ಕೈಯಿಂದ ಏನಾದರೂ ಹಾರಿದರೆ ಬಿಟ್ಟುಬಿಡಿ, ಅದರ ಹಿಂದೆ ಓಡಬೇಡಿ.

ಫೋಟೊಗೆ ಶಟರ್ ವೇಗ 1/1000 ಸೆಕೆಂಡ್‌ನಷ್ಟು ಇಡಿ. ಲೆನ್ಸನ್ನು ಗಾಜಿನ ಹತ್ತಿರ ಹಿಡಿಯಿರಿ, ಆದರೆ ಒತ್ತಬೇಡಿ, ಯಂತ್ರದ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಪೋಲರೈಸಿಂಗ್ ಫಿಲ್ಟರ್ ಬಾಗಿದ ಪ್ಲಾಸ್ಟಿಕ್ ಗಾಜಿನಲ್ಲಿ ಬಣ್ಣದ ಪಟ್ಟೆ ಮೂಡಿಸುತ್ತದೆ, ಬಿಚ್ಚಿಡಿ. ಫೋನ್ ಇದ್ದರೆ ಮಣಿಕಟ್ಟಿಗೆ ದಾರ ಕಟ್ಟಿರಲಿ.

ಇಳಿಯುವಾಗಲೂ ಸಿಬ್ಬಂದಿ ಬಾಗಿಲು ತೆರೆಯುವವರೆಗೆ ಬೆಲ್ಟ್ ಮುಟ್ಟಬೇಡಿ, ಬಂದ ದಾರಿಯಲ್ಲೇ ಹೊರಗೆ ನಡೆಯಿರಿ. ಅಮೆರಿಕದಲ್ಲಿ ಪೈಲಟ್‌ಗೆ ಟಿಪ್ ಕೊಡುವ ಪದ್ಧತಿ ಇದೆ. ಮೋಡ ನೋಡಿ ಅರ್ಧದಿಂದಲೇ ವಾಪಸು ತಂದ ಪೈಲಟ್‌ಗೂ ಅಷ್ಟೇ ಕೊಡಿ. ಆಮೇಲೆ ಕೌಂಟರಿಗೆ ಹೋಗಿ, ಬುಕಿಂಗ್ ಪತ್ರದಲ್ಲಿ ಒಪ್ಪಿದಂತೆ ಉಳಿದ ಹೊತ್ತಿನ ದುಡ್ಡನ್ನು ಕಾರ್ಡಿಗೆ ವಾಪಸ್ ಹಾಕಿಸಿಕೊಂಡು ರಸೀದಿ ಪಡೆಯಿರಿ.